ಗ್ಯಾಸ್ ವಾಸನೆ ಹಿಡಿಯುವ ಕೆಲಸಕ್ಕೆ ಹನ್ನೊಂದು ವರ್ಷ

ಹೋದ ಗುರುವಾರ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೇಲ್ ಬಂತು. ನಾಲ್ಕು ಪುಟದ ಪಿಡಿಎಫ್. ನಮ್ಮ ಎಲ್‌ಪಿಜಿ ಡಿಟೆಕ್ಟರಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್, ಅಂದರೆ ಅದು ಸರಿಯಾಗಿ ಅಳೆಯುತ್ತದೆ ಅಂತ ಲ್ಯಾಬ್ ಪರೀಕ್ಷಿಸಿ ಕೊಡುವ ಪತ್ರ. ಚಿತ್ರಾನ್ನ ಆರಿಹೋಯಿತು. ನಾನು ಎರಡನೇ ಪುಟದ ಟೇಬಲನ್ನೇ ಮತ್ತೆ ಮತ್ತೆ ನೋಡುತ್ತಾ ಕೂತಿದ್ದೆ.

ಫಿಸಿಕ್ಸ್ ಎಂಎಸ್ಸಿ ಮುಗಿಸಿದ್ದು 2014ರಲ್ಲಿ. ಅಲ್ಲಿಂದ ಈ ನಾಲ್ಕು ಪುಟಕ್ಕೆ ಹನ್ನೊಂದು ವರ್ಷ ಹಿಡಿಯಿತು. ಊರಿಗೆ ಹೋದಾಗಲೆಲ್ಲ ಎಂಎಸ್ಸಿ ಓದುವ ಮಕ್ಕಳು ಕೇಳುತ್ತಾರೆ, "ಅಕ್ಕಾ, ಟೀಚಿಂಗ್ ಬಿಟ್ರೆ ಫಿಸಿಕ್ಸಿನಲ್ಲಿ ಏನಿದೆ?" ಇದೆ. ಆದರೆ ದಾರಿ ಹೇಳಿಕೊಡುವವರು ಇರಲಿಲ್ಲ, ನಾನು ಬಿದ್ದೂ ಎದ್ದೂ ಕಂಡುಕೊಂಡೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಬಾಗಿಲು ಸಿಎಸ್‌ಐಆರ್ ನಡೆಸುವ ನೆಟ್ ಅನ್ನುವ ಅರ್ಹತಾ ಪರೀಕ್ಷೆ. ಮೊದಲ ಸಲ ಬರೆದಾಗ ನನಗೆ ಲೆಕ್ಚರರ್‌ಶಿಪ್ ಮಾತ್ರ ಬಂತು, ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಸಂತೋಷ, ಕಾಲೇಜಿಗೆ ಸೇರಿಕೊಳ್ಳಬಹುದಲ್ಲ ಅಂತ. ನಾನು ಒಳಗೇ ಅತ್ತೆ. ಎರಡನೇ ಸಲ ಜೆಆರ್‌ಎಫ್ ಬಂತು. ಆಗ ತಿಂಗಳಿಗೆ 25,000 ರೂಪಾಯಿ. 2019ರಿಂದ 31,000 ಆಯಿತು, 2023ರಿಂದ 37,000 ಇದೆ. ಪರೀಕ್ಷೆಗೆ ಕೂರುವವರಿಗೆ ಒಂದೇ ಮಾತು. 200 ಅಂಕದಲ್ಲಿ 100 ಅಂಕ ಪಾರ್ಟ್ ಸಿ ಒಂದರಲ್ಲೇ ಇದೆ. ನಾನು ಮೊದಲ ಸಲ ಪಾರ್ಟ್ ಎ ಲೆಕ್ಕಗಳಲ್ಲೇ ಮುಕ್ಕಾಲು ಗಂಟೆ ಕಳೆದಿದ್ದೆ. ಅದು ದಡ್ಡತನ.

ಪಿಎಚ್‌ಡಿಗೆ ಸೇರಿದ್ದು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ. ಥಿಯರಿ ಮಾಡಬೇಕು ಅಂತ ಆಸೆ ಇತ್ತು. ಗೈಡ್ ಹತ್ತಿರ ಇದ್ದದ್ದು ಒಂದು ಫರ್ನೇಸ್, ಒಂದು ಸ್ಪ್ರೇ ಗನ್, ಒಂದು ಹಳೆಯ ಮಲ್ಟಿಮೀಟರ್. "ಟಿನ್ ಆಕ್ಸೈಡ್ ಗ್ಯಾಸ್ ಸೆನ್ಸರ್ ಮಾಡಮ್ಮಾ, ಸಾಮಾನು ಎಲ್ಲಾ ಇದೆ" ಅಂದರು. ಹೀಗೆ ಶುರುವಾಯಿತು.

ಗಾಜಿನ ಸ್ಲೈಡನ್ನು 400 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಟಿನ್ ಕ್ಲೋರೈಡ್ ದ್ರಾವಣವನ್ನು ಸಿಂಪಡಿಸಬೇಕು. ದೋಸೆ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅನ್ನುತ್ತದೆ. ತೆಳ್ಳಗೆ ಕಾಮನಬಿಲ್ಲಿನ ಬಣ್ಣದ ಒಂದು ಪದರ ಕೂರುತ್ತದೆ. ಎರಡು ತುದಿಗೆ ಸಿಲ್ವರ್ ಪೇಸ್ಟ್ ಹಚ್ಚಿ ತಂತಿ ಅಂಟಿಸಿದರೆ ಸೆನ್ಸರ್ ಆಯಿತು. ನೋಡೋಕೆ ಇಷ್ಟೇ.

ಇದರ ಒಳಗಿನ ಫಿಸಿಕ್ಸ್ ಮಾತ್ರ ಸೊಗಸಾಗಿದೆ. ಟಿನ್ ಆಕ್ಸೈಡ್ ಬಿಸಿಯಾಗಿದ್ದಾಗ ಗಾಳಿಯಲ್ಲಿರುವ ಆಮ್ಲಜನಕ ಬಂದು ಅದರ ಮೈಮೇಲೆ ಕೂರುತ್ತದೆ. ಸುಮ್ನೆ ಕೂರುವುದಿಲ್ಲ, ಒಳಗಿನ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹರಿಯುವುದು ಕಷ್ಟವಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಈಗ ಎಲ್‌ಪಿಜಿ ಬಂತು ಅನ್ನಿ. ಅದು ಆ ಆಮ್ಲಜನಕದ ಜೊತೆ ಸೇರಿ ಉರಿದುಹೋಗುತ್ತದೆ. ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ, ರೆಸಿಸ್ಟೆನ್ಸ್ ಸರ್ರನೆ ಇಳಿಯುತ್ತದೆ. ಅಂದರೆ ಸೆನ್ಸರ್ ನೇರವಾಗಿ ಗ್ಯಾಸನ್ನು ಗುರುತಿಸುವುದೇ ಇಲ್ಲ. ತನ್ನ ಮೇಲಿನ ಆಮ್ಲಜನಕ ಕಡಿಮೆಯಾದದ್ದನ್ನು ಹೇಳುತ್ತದೆ, ಅಷ್ಟೆ. ಜಪಾನಿನ ನಾಓಯೋಶಿ ತಗುಚಿ 1962ರಲ್ಲೇ ಈ ಬಗೆಯ ಸೆನ್ಸರ್ ಮಾಡಿದ್ದರು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಬಹುಪಾಲು ಅಗ್ಗದ ಗ್ಯಾಸ್ ಅಲಾರಂಗಳ ಒಳಗಿರುವುದು ಇದೇ ಜಾತಿ. ಈ ಆಮ್ಲಜನಕದ ಮಾತು ನೆನಪಿಟ್ಟುಕೊಂಡಿರಿ, ಕೊನೆಗೆ ಬೇಕಾಗುತ್ತದೆ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮೊದಲ ಸಲ ಮೀಟರಿನಲ್ಲಿ ಅಂಕಿ ಇಳಿದ ದಿನ ನಾನು ಕಾರಿಡಾರಿನಲ್ಲಿ ಓಡಿ ಸರ್ ಅವರನ್ನು ಕರೆದುಕೊಂಡು ಬಂದೆ. ಅವರು ಬಂದು ಮೂಗು ಅರಳಿಸಿ, "ಚೇಂಬರ್ ಯಾವುದರಲ್ಲಿ ಒರೆಸಿದ್ರಿ?" ಅಂತ ಕೇಳಿದರು. ಅಸಿಟೋನಿನಲ್ಲಿ. ನನ್ನ ಸೆನ್ಸರ್ ಹಿಡಿದದ್ದು ಎಲ್‌ಪಿಜಿಯನ್ನಲ್ಲ, ಅಸಿಟೋನನ್ನು. ಅವತ್ತು ಗೊತ್ತಾದದ್ದು ಇದು. ಇವಕ್ಕೆ ಎಲ್ಲದರ ವಾಸನೆಯೂ ಬರುತ್ತದೆ. ಆಲ್ಕೋಹಾಲು, ಅಗರಬತ್ತಿ, ಸೆಂಟು, ಏನು ಬಂದರೂ ಕೂಗುತ್ತವೆ. ಬೇಕಾದ್ದಕ್ಕೆ ಕೂಗಿಸುವುದು ಒಂದು ವಾರದ ಕೆಲಸ. ಬೇಡದ್ದಕ್ಕೆ ಸುಮ್ಮನಿರಿಸುವುದರಲ್ಲಿ ನನ್ನ ವಯಸ್ಸು ಕಳೆಯಿತು.

ಸಾಮಾನು ತರಿಸುವ ಕಷ್ಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಅಂತ ಅಳತೆ ಮಾಡಿ ತುಂಬಿಸಿದ ಗ್ಯಾಸ್ ಸಿಲಿಂಡರ್ ಬೇಕಿತ್ತು. ಮೂರು ಕೊಟೇಶನ್, ಅವುಗಳ ಹೋಲಿಕೆ ಪಟ್ಟಿ, ಸಮಿತಿಯ ಸಹಿ, ಫೈನಾನ್ಸ್ ಆಫೀಸಿನ ಸಹಿ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹನ್ನೊಂದು ವಾರ ಹಿಡಿಯಿತು. ಅಷ್ಟರಲ್ಲಿ ಮಾರ್ಚ್ ಮುಗಿಯಿತು, ಆ ವರ್ಷದ ದುಡ್ಡು ವಾಪಸ್ ಹೋಯಿತು. ಮತ್ತೆ ಮೊದಲಿನಿಂದ. ಆಮೇಲೆ ಕಲಿತ ಉಪಾಯ ಏನಂದ್ರೆ, ಏಪ್ರಿಲ್ ತಿಂಗಳಲ್ಲೇ ವರ್ಷಕ್ಕೆ ಬೇಕಾದ ಎಲ್ಲದಕ್ಕೂ ಕೊಟೇಶನ್ ತರಿಸಿಡುವುದು. ಕೊಟೇಶನ್ನಿನ ವ್ಯಾಲಿಡಿಟಿ ತಾರೀಕು ನೋಡಿಕೊಳ್ಳಿ. ಸಹಿ ಬೀಳುವ ಹೊತ್ತಿಗೆ ಅದು ಮುಗಿದಿದ್ದರೆ ಆಟ ಮತ್ತೆ ಶುರು.

ಮೂರನೇ ವರ್ಷ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಅಲ್ಲಿನ ಕ್ಲೀನ್‌ರೂಮ್, ಅಂದರೆ ಧೂಳಿಲ್ಲದ ಲ್ಯಾಬ್, ಬಳಸಲು ಐಎನ್‌ಯುಪಿ ಅನ್ನುವ ಯೋಜನೆ ಇದೆ, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ದುಡ್ಡಿನಲ್ಲಿ ನಡೆಯುತ್ತದೆ. ಸಣ್ಣ ಊರಿನ ಕಾಲೇಜಿನವರು ಇದಕ್ಕೆ ಅರ್ಜಿ ಹಾಕಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ನನ್ನ ಹಾಗೆ ಬಸ್ಸಿನಲ್ಲಿ ಬಂದು ಹೋಗುವವರಿಗೇ ಅದು ಇರುವುದು.

ಅಲ್ಲಿ ಮಾಡಬೇಕಿದ್ದದ್ದು ಮೈಕ್ರೋಹೀಟರ್. ಸೆನ್ಸರಿಗೆ ಸುಮಾರು 300 ಡಿಗ್ರಿ ಬಿಸಿ ಬೇಕಲ್ವಾ, ಇಡೀ ಗಾಜಿನ ತುಂಡನ್ನು ಕಾಯಿಸುವ ಬದಲು ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಪೊರೆಯನ್ನು ಮಾತ್ರ ಕಾಯಿಸಿದರೆ ಕರೆಂಟು ತೀರಾ ಕಡಿಮೆ ಸಾಕು. ಪೊರೆ ಮಾಡಲು ಸಿಲಿಕಾನ್ ಬಿಲ್ಲೆಯನ್ನು ಹಿಂಬದಿಯಿಂದ ಕೊರೆಯಬೇಕು. ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತೊಟ್ಟಿಯಲ್ಲಿ ಇಳಿಬಿಟ್ಟರೆ ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಮೈಕ್ರಾನ್ ಕರಗುತ್ತದೆ. ನನ್ನ ಬಿಲ್ಲೆ 380 ಮೈಕ್ರಾನ್ ದಪ್ಪ. ಲೆಕ್ಕ ಹಾಕಿ, ಆರು ಗಂಟೆಗೂ ಜಾಸ್ತಿ.

ತಲೆಯಿಂದ ಕಾಲಿನವರೆಗೆ ಬಿಳಿ ಗೌನು, ಎರಡು ಜೊತೆ ಕೈಗವಸು, ಮುಖಕ್ಕೆ ಶೀಲ್ಡ್. ನೀರು ಕುಡಿಯುವ ಹಾಗಿಲ್ಲ. ತೊಟ್ಟಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಲೇ ಇತ್ತು. ಪೂರ್ತಿ ಕರಗಿದ ಮೇಲೆ ಗುಳ್ಳೆ ನಿಲ್ಲುತ್ತದೆ, ಅದೇ ಗುರುತು. ಸಂಜೆ ಹೊತ್ತಿಗೆ ಗುಳ್ಳೆ ನಿಂತಿತು. ಚಿಮಟದಲ್ಲಿ ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದೆ. ಪೊರೆಗಳು ಒಂದೊಂದೂ ಸಣ್ಣ ಕಿಟಕಿಯ ಹಾಗೆ ಹೊಳೆದವು. ಇನ್ನು ತೊಳೆಯುವುದೊಂದೇ ಬಾಕಿ. ಆತುರದಲ್ಲಿ ನೀರಿಗೆ ಅಡ್ಡಡ್ಡ ಇಳಿಸಿಬಿಟ್ಟೆ. ನೀರಿನ ಒತ್ತಡಕ್ಕೆ ಮೂರರಲ್ಲಿ ಎರಡು ಪಾಲು ಪೊರೆ ಒಡೆದುಹೋದವು, ಸದ್ದೂ ಆಗಲಿಲ್ಲ. ಬಿಲ್ಲೆಯನ್ನು ನೆಟ್ಟಗೆ, ಚಾಕು ಇಳಿಸಿದ ಹಾಗೆ, ನಿಧಾನಕ್ಕೆ ಇಳಿಸಬೇಕು. ಇದನ್ನು ಟ್ರೈನಿಂಗಿನಲ್ಲಿ ಹೇಳಿದ್ದರು. ನನ್ನ ನೋಟ್ಸಿನಲ್ಲೂ ಇತ್ತು.

2020ರ ಮಾರ್ಚಿನಲ್ಲಿ ಲ್ಯಾಬಿಗೆ ಬೀಗ ಬಿತ್ತು. ತೆರೆದ ಮೇಲೆ ಹೊಸ ಕಾಟ, ಸ್ಯಾನಿಟೈಸರ್. ಬಾಗಿಲಲ್ಲಿ ಯಾರಾದರೂ ಕೈಗೆ ಹಾಕಿಕೊಂಡರೆ ಒಳಗೆ ನನ್ನ ಗ್ರಾಫ್ ಕುಸಿಯುತ್ತಿತ್ತು. ಯಾರು ಎಷ್ಟು ಹೊತ್ತಿಗೆ ಬಂದರು ಅಂತ ಗ್ರಾಫ್ ನೋಡಿಯೇ ಹೇಳಬಹುದಿತ್ತು.

ಥೀಸಿಸ್ ಕೊಟ್ಟದ್ದು 2021ರಲ್ಲಿ. ನಕಲು ಪರೀಕ್ಷೆಯಲ್ಲಿ 10 ಪರ್ಸೆಂಟ್ ಒಳಗಿರಬೇಕು. ನನ್ನದು ಮೊದಲ ಸಲ 14 ಬಂತು, ಯಾಕಂದ್ರೆ ನನ್ನದೇ ಪ್ರಕಟವಾದ ಪೇಪರುಗಳನ್ನು ಅದು ನಕಲು ಅಂತ ಎಣಿಸಿತ್ತು. ನಿಮ್ಮ ಸ್ವಂತ ಪೇಪರುಗಳನ್ನು ಬಿಟ್ಟು ಚೆಕ್ ಮಾಡಿ ಅಂತ ಲೈಬ್ರರಿಗೆ ಲಿಖಿತವಾಗಿ ಕೊಡಿ, ಪೇಪರುಗಳ ಪಟ್ಟಿ ಜೊತೆಗಿರಲಿ. ಆಮೇಲೆ ಪರೀಕ್ಷಕರ ವರದಿಗೆ ಐದು ತಿಂಗಳು ಕಾದೆ. ವೈವಾ ಆನ್‌ಲೈನಿನಲ್ಲಿ. ಹೊರಗಿನ ಪರೀಕ್ಷಕರು ಕೇಳಿದ ಕೊನೆಯ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. "ಸುತ್ತ ಆಮ್ಲಜನಕವೇ ಇಲ್ಲದಿದ್ದರೆ ನಿಮ್ಮ ಸೆನ್ಸರ್ ಏನು ಮಾಡುತ್ತದೆ?" ಐದು ನಿಮಿಷ ಲೀಲಾಜಾಲವಾಗಿ ಉತ್ತರ ಕೊಟ್ಟೆ. ಮೈಮೇಲಿನ ಆಮ್ಲಜನಕ ಮರಳಿ ತುಂಬುವುದಿಲ್ಲ, ರೆಸಿಸ್ಟೆನ್ಸ್ ತಾನಾಗಿಯೇ ಬೀಳುತ್ತದೆ, ಅಲ್ಲಿ ಅದರ ರೀಡಿಂಗಿಗೆ ಅರ್ಥವೇ ಇಲ್ಲ ಅಂತ. ಅವರು ತಲೆದೂಗಿದರು.

ಡಾಕ್ಟರ್ ಆದೆ, ಕೆಲಸ ಇಲ್ಲ. ಏಳು ತಿಂಗಳಲ್ಲಿ ಸುಮಾರು 40 ಕಡೆ ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆದದ್ದು ನಾಲ್ಕು ಕಡೆ. ಎಲ್ಲ ಕಡೆಯೂ "ಸರ್ಕ್ಯೂಟ್ ಗೊತ್ತಾ? ಎಂಬೆಡೆಡ್ ಗೊತ್ತಾ?" ಅನ್ನುವುದೇ ಮೊದಲ ಪ್ರಶ್ನೆ. ಒಬ್ಬರು ಕೇಳಿದ್ದು ಮಾತ್ರ ಬೇರೆ.

"ಒಂದೇ ಥರದ ಸೆನ್ಸರ್ ಎಷ್ಟು ಪೀಸ್ ಮಾಡಿದ್ದೀರಾ?"

"ಒಳ್ಳೆಯದು ಅಂತ ಪೇಪರಿನಲ್ಲಿ ಹಾಕಿದ್ದು ಮೂರು ಸರ್."

"ಮೂರೂ ಒಂದೇ ರೀಡಿಂಗ್ ಕೊಡ್ತಿದ್ವಾ?"

ನಾನು ಸುಮ್ಮನಾದೆ. ಅವರು ನಕ್ಕು, "ನಮಗೆ ತಿಂಗಳಿಗೆ ಸಾವಿರ ಬೇಕು" ಅಂದರು. ಆ ಪೀಣ್ಯದ ಸಣ್ಣ ಕಂಪನಿಯೇ ಕೊನೆಗೆ ಕೆಲಸ ಕೊಟ್ಟಿತು, ತಿಂಗಳಿಗೆ 55,000. ರೆಸ್ಯೂಮೆಯಲ್ಲಿ ಪೇಪರುಗಳ ಪಟ್ಟಿಯನ್ನು ಎರಡನೇ ಪುಟಕ್ಕೆ ತಳ್ಳಿ, ಯಾವ ಯಾವ ಮೆಷಿನ್ ಮೇಲೆ ಕೈ ಪಳಗಿದೆ ಅಂತ ಮೊದಲ ಪುಟದಲ್ಲಿ ಬರೆದ ಮೇಲೆಯೇ ಕರೆ ಬರಲು ಶುರುವಾದದ್ದು. ಇನ್ನೊಂದು, ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಹಿಂದೆ. ಎರಡೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸುವವರೆಗೆ ಆಫರ್ ಲೆಟರ್ ನಿಂತಿತ್ತು. ಇದನ್ನು ಇವತ್ತೇ ಸರಿ ಮಾಡಿಸಿಕೊಳ್ಳಿ.

ಕಂಪನಿಗೆ ಸೇರಿ ನಾಲ್ಕನೇ ತಿಂಗಳು. ಐವತ್ತು ಡಿಟೆಕ್ಟರ್ ತಯಾರಾಗಿ ಎರಡು ವಾರಕ್ಕೆ ಎಲ್ಲವೂ ಮಂಕಾದವು. ಗ್ಯಾಸ್ ಹಿಡಿದರೂ ಕೂಗುತ್ತಿಲ್ಲ. ಪದರ ನೋಡಿದೆ, ಹೀಟರ್ ನೋಡಿದೆ, ಎಲ್ಲ ಸರಿ ಇದೆ. ಹದಿನೆಂಟು ದಿನ ನಿದ್ದೆ ಇಲ್ಲ. ಒಂದು ಬೆಳಿಗ್ಗೆ ಅಸೆಂಬ್ಲಿ ಮೇಜಿನ ಹತ್ತಿರ ಹೋದಾಗ ಹುಳಿ ಹುಳಿ ವಿನೆಗರ್ ವಾಸನೆ. ಡಬ್ಬಿಗೆ ನೀರು ನುಗ್ಗದಿರಲಿ ಅಂತ ಹುಡುಗರು ಸಿಲಿಕೋನ್ ಸೀಲೆಂಟ್ ಹಚ್ಚುತ್ತಿದ್ದರು. ಅದರ ಆವಿ ಬಿಸಿ ಪದರದ ಮೇಲೆ ಬಿದ್ದು ಗಾಜಿನ ಹಾಗೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಸೆನ್ಸರಿನ ಕಥೆ ಮುಗಿದ ಹಾಗೆ. ಸೆನ್ಸರ್ ತಯಾರಕರ ಡೇಟಾಶೀಟುಗಳಲ್ಲಿ ಇದು ಎಚ್ಚರಿಕೆಯಾಗಿ ಇರುತ್ತದೆ. ಐದು ವರ್ಷ ಪಿಎಚ್‌ಡಿ ಮಾಡಿದವಳು ಆ ಪುಟ ಓದಿರಲಿಲ್ಲ. ಐವತ್ತು ಪೀಸೂ ಕಸಕ್ಕೆ.

ಆಮೇಲೆ ಫೀಲ್ಡ್ ಟ್ರಯಲ್. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಡಿಟೆಕ್ಟರನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಹಾಕಬೇಕು. ಗಾಳಿಯಲ್ಲಿ ಎಲ್‌ಪಿಜಿ ಸುಮಾರು 1.8 ಪರ್ಸೆಂಟ್ ಮುಟ್ಟಿದರೆ ಕಿಡಿ ತಗುಲಿದಾಗ ಹೊತ್ತಿಕೊಳ್ಳಬಹುದು. ನಾವು ಅದರ ಹತ್ತನೇ ಒಂದು ಪಾಲಿಗೇ, ಅಂದರೆ 1,800 ಪಿಪಿಎಂಗೆ ಅಲಾರಂ ಇಟ್ಟೆವು. ಒಂದು ದರ್ಶಿನಿಯಲ್ಲಿ ಹಾಕಿದ ಮೊದಲ ದಿನವೇ ಸಾರಿಗೆ ಇಂಗಿನ ಒಗ್ಗರಣೆ ಬಿದ್ದದ್ದೇ ತಡ, ಕೂಗಲು ಶುರು. ಭಟ್ಟರು ಬಂದು, "ಮೇಡಂ, ಇದು ಗ್ಯಾಸಿಗೆ ಕೂಗೋದೋ ನನ್ನ ಒಗ್ಗರಣೆಗೋ?" ಅಂದರು. ಸೆನ್ಸರಿನ ಮುಂದೆ ಇದ್ದಿಲಿನ ಫಿಲ್ಟರ್ ಕೂರಿಸಿದ ಮೇಲೆ ಈ ರಗಳೆ ಬಹುಮಟ್ಟಿಗೆ ನಿಂತಿತು. ಅದಕ್ಕೆ ಬೆಲೆಯೂ ಇದೆ, ಪ್ರತಿಕ್ರಿಯೆ ಕೆಲವು ಸೆಕೆಂಡು ನಿಧಾನವಾಗುತ್ತದೆ.

ಮಳೆಗಾಲದ ತೇವದಲ್ಲಿ ಏನಾಗುತ್ತದೆ ನೋಡಲು ಒಂದನ್ನು ಸಾಗರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಾಕಿ ಬಂದಿದ್ದೆ. ಡೇಟಾದಲ್ಲಿ ಒಂದು ವಿಚಿತ್ರ ಕಂಡಿತು. ದಿನಾ ಬೆಳಿಗ್ಗೆ ಏಳರ ಸುಮಾರಿಗೆ ರೀಡಿಂಗ್ ಇಲ್ಲ, ಆಮೇಲೆ ಒಂದು ನೆಗೆತ, ಗಂಟೆ ಕಳೆದ ಮೇಲೆ ಸಮಸ್ಥಿತಿ. ಮುಂಜಾವಿನ ತೇವ, ಪದರದ ಮೇಲೆ ನೀರಿನ ಅಣು, ಅಂತೆಲ್ಲ ಒಂದು ಥಿಯರಿಯನ್ನೇ ಬರೆದೆ. ಮೂರು ವಾರ ಆದ ಮೇಲೆ ಫೋನಿನಲ್ಲಿ ಮಾತಾಡುತ್ತಾ ಕೇಳಿದೆ, "ಅಮ್ಮಾ, ಬೆಳಿಗ್ಗೆ ಏಳಕ್ಕೆ ಕರೆಂಟು ಹೋಗುತ್ತಾ?"

"ಇಲ್ವಲ್ಲೇ. ನಿನ್ನ ಡಬ್ಬಿ ಪ್ಲಗ್ ತೆಗ್ದು ಮಿಕ್ಸಿ ಹಾಕ್ತೀನಿ. ಚಟ್ನಿ ಮತ್ತೆಲ್ಲಿ ರುಬ್ಬಲಿ?"

ಪೇಟೆಂಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ನನ್ನ ಹೊಟ್ಟೆ ಉರಿಯುತ್ತದೆ. ಪಿಎಚ್‌ಡಿಯಲ್ಲಿ ಮಾಡಿದ ಲೇಪನಕ್ಕೆ ಪೇಟೆಂಟ್ ಹಾಕೋಣ ಅಂತ ಏಜೆಂಟರ ಹತ್ತಿರ ಹೋದೆವು. ಅವರು ಕೇಳಿದ್ದು ಒಂದೇ, "ಇದನ್ನು ಎಲ್ಲಾದರೂ ಪ್ರಕಟಿಸಿದ್ದೀರಾ?" ಪೇಪರಾಗಿತ್ತು. ಥೀಸಿಸ್ ಶೋಧಗಂಗಾ ಅನ್ನುವ ಥೀಸಿಸ್‌ಗಳ ಆನ್‌ಲೈನ್ ಭಂಡಾರದಲ್ಲಿ ಯಾರು ಬೇಕಾದರೂ ಓದುವ ಹಾಗೆ ಇತ್ತು. ಮುಗಿಯಿತು. ಕೊನೆಗೆ ಹೀಟರನ್ನು ಬಿಟ್ಟು ಬಿಟ್ಟು ಕಾಯಿಸುವ ಇನ್ನೊಂದು ವಿಧಾನಕ್ಕೆ ಹಾಕಿದೆವು. ಸ್ಟಾರ್ಟಪ್, ಸಣ್ಣ ಕಂಪನಿ, ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600, ಪರಿಶೀಲನೆ ಕೋರಲು 4,000. ಸರ್ಕಾರಕ್ಕೆ ಕಟ್ಟುವುದು ಇಷ್ಟೇ, ಬರೆದುಕೊಡುವ ಏಜೆಂಟರಿಗೆ ನಮಗೆ ಅದರ ಹತ್ತು ಪಟ್ಟು ಖರ್ಚಾಯಿತು. ಮೊದಲು ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಹಿಡಿದುಕೊಂಡು, ಪೂರ್ತಿ ವಿವರವನ್ನು 12 ತಿಂಗಳೊಳಗೆ ಕೊಡಬಹುದು. ಪರಿಶೀಲನೆ ಕೋರುವ ಗಡುವು ಮೊದಲು 48 ತಿಂಗಳಿತ್ತು, 2024ರ ಮಾರ್ಚಿನ ನಡುವಿನಿಂದ ಹಾಕುವ ಅರ್ಜಿಗಳಿಗೆ 31 ತಿಂಗಳು. ಅದು ತಪ್ಪಿದರೆ ಅರ್ಜಿ ಬಿದ್ದುಹೋದ ಹಾಗೆ.

ಕೊನೆಯ ಮೆಟ್ಟಿಲು ಕ್ಯಾಲಿಬ್ರೇಷನ್. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬಿನಿಂದ ಸರ್ಟಿಫಿಕೇಟ್ ಬೇಕು ಅಂತ ಗ್ರಾಹಕರ ಷರತ್ತು. ಮಾನ್ಯತೆ ಇದೆ ಅಂದರೆ ಸಾಲದು, ನಿಮ್ಮ ಗ್ಯಾಸು ಮತ್ತು ನಿಮ್ಮ ಪಿಪಿಎಂ ಅವರ ಸ್ಕೋಪ್ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ನಾವು ಮೂರು ಲ್ಯಾಬುಗಳಿಗೆ ಫೋನು ಮಾಡಿದ ಮೇಲೆ ಒಂದು ಸಿಕ್ಕಿತು. ಆರು ಪೀಸ್ ಕಳಿಸಿ, ದುಡ್ಡು ಮೊದಲೇ ಕಟ್ಟಿ, ಐದು ವಾರ ಕಾದೆವು. ಆರೂ ಫೇಲ್.

ವರದಿ ನೋಡಿ ಕೈಕಾಲು ತಣ್ಣಗಾಯಿತು. ಗ್ಯಾಸ್ ಬಿಡುವ ಮೊದಲೇ, ಸೊನ್ನೆಯಲ್ಲೇ, ಆರೂ ಕೂಗಿವೆ. ಆರೂ ಒಟ್ಟಿಗೆ ಕೆಡುವುದು ಹೇಗೆ? ಸಿಲಿಕೋನ್ ಇಲ್ಲ. ದಾರಿಯಲ್ಲಿ ಪೆಟ್ಟು ಬಿದ್ದಿಲ್ಲ. ವಾಪಸ್ ಬಂದವನ್ನು ನಮ್ಮ ಮೇಜಿನ ಮೇಲಿಟ್ಟರೆ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಸುಮ್ಮನೆ ಕೂತಿವೆ. ಎರಡು ದಿನ ಸರ್ಕ್ಯೂಟ್ ಹುಡುಗನ ಮೇಲೆ ಕೂಗಾಡಿದೆ. ಮೂರನೇ ದಿನ ಅವನೇ ನಾನು ತುಂಬಿ ಕಳಿಸಿದ್ದ ಫಾರಂ ತಂದು ಮುಂದಿಟ್ಟ. "ಮೇಡಂ, ಇದೊಂದು ಕಾಲಂ ಖಾಲಿ ಬಿಟ್ಟಿದ್ದೀರಾ."

ಬ್ಯಾಲೆನ್ಸ್ ಗ್ಯಾಸ್ ಅನ್ನುವ ಕಾಲಂ. ಅಳತೆ ಗ್ಯಾಸನ್ನು ಯಾವುದರಲ್ಲಿ ಬೆರೆಸಬೇಕು, ಗಾಳಿಯಲ್ಲೋ ನೈಟ್ರೋಜನ್ನಿನಲ್ಲೋ ಅಂತ. ನಾವು ಏನೂ ಹೇಳದ್ದಕ್ಕೆ ಅವರು ತಮ್ಮ ಹತ್ತಿರ ಇದ್ದ ನೈಟ್ರೋಜನ್ ಸಿಲಿಂಡರ್ ಹಾಕಿದ್ದರು, ಸೊನ್ನೆಗೂ ಶುದ್ಧ ನೈಟ್ರೋಜನ್ನನ್ನೇ ಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ. ಆಮ್ಲಜನಕವೇ ಇಲ್ಲದ ಕಡೆ ನನ್ನ ಸೆನ್ಸರ್ ಏನು ಮಾಡಬೇಕೋ ಅದನ್ನೇ ಮಾಡಿತ್ತು. ವೈವಾದಲ್ಲಿ ಐದು ನಿಮಿಷ ಹೇಳಿದ್ದೆನಲ್ಲ, ಅದೇ.

ಆ ಹುಡುಗನಿಗೆ ಸಾರಿ ಹೇಳಿ, ಮಸಾಲೆ ದೋಸೆ ಕೊಡಿಸಿದೆ. ಹೊಸ ಫಾರಂನಲ್ಲಿ ಆ ಕಾಲಂನಲ್ಲಿ 'ಗಾಳಿ' ಅಂತ ದಪ್ಪಗೆ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಮತ್ತೆ ದುಡ್ಡು ಕಟ್ಟಿದೆವು. ಪರೀಕ್ಷೆಗೆ ಮೊದಲು 48 ಗಂಟೆ ಆನ್ ಮಾಡಿ ಇಟ್ಟಿರಿ, ತಣ್ಣಗಿನ ಸೆನ್ಸರ್ ಸರಿಯಾಗಿ ಓದುವುದಿಲ್ಲ ಅಂತ ಒಂದು ಚೀಟಿಯನ್ನೂ ಡಬ್ಬಿಗೆ ಅಂಟಿಸಿದೆ. ಮತ್ತೆ ಆರು ವಾರ.

ಗುರುವಾರ ಬಂದ ಪಿಡಿಎಫ್‌ನ ಎರಡನೇ ಪುಟದಲ್ಲಿ ಆರು ಸಾಲುಗಳಿವೆ. ಆರೂ ನಾವು ಹೇಳಿದ ಮಿತಿಯ ಒಳಗೆ. ಅಮ್ಮನಿಗೆ ಫೋನು ಮಾಡಿ ಹೇಳಿದೆ. "ಒಳ್ಳೇದಾಯ್ತು ಬಿಡು. ಹಾಗಾದ್ರೆ ಆ ಡಬ್ಬಿ ಇನ್ನು ತೆಗೀಬಹುದಾ?" ಅಂತ ಕೇಳಿದರು. ಬೇಡ, ಈ ವಾರ ಬಂದು ಮಿಕ್ಸಿಗೆ ಬೇರೆ ಪ್ಲಗ್ ಹಾಕಿಸುತ್ತೇನೆ ಅಂದೆ.